‘ಎಲ್ಲ ಸ್ಟಾಕ್’ ಅಂತ ಮಾರಿದ ಕಾರು, ಐದು ವಾರಕ್ಕೆ ಬಿಚ್ಚಿದ ಎಂಜಿನ್

ಹಳೆಯ ಟರ್ಬೊ ಕಾರು, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಕಾರು ಕೊಳ್ಳಬೇಕು ಅಂತ ಇರುವವರು, ಅದರಲ್ಲೂ ಜಪಾನಿನಿಂದ ತರಿಸಿದ ಕಾರಿನ ಮೇಲೆ ಕಣ್ಣಿಟ್ಟವರು, ದುಡ್ಡು ಕೊಡುವ ಮುಂಚೆ ಇದನ್ನು ಓದಿಬಿಡಿ. ನಾನು ಕೊಂಡ ಕಾರಿನ ಎಂಜಿನ್ ಐದೇ ವಾರಕ್ಕೆ ಹೋಯಿತು. ಅದರ ಮೂರನೇ ಪಿಸ್ಟನ್ ಈಗ ನನ್ನ ಮೇಜಿನ ಮೇಲಿದೆ, ಅಂಚು ಮುರಿದುಕೊಂಡು.

ಮಾಡಿಫೈ ಮಾಡಿದ ಕಾರುಗಳ ಮೇಲೆ ನನಗೆ ಸಿಟ್ಟಿಲ್ಲ. ಏನೇನು ಹಾಕಿದ್ದೇವೆ, ಯಾರು ಟ್ಯೂನ್ ಮಾಡಿದರು ಅಂತ ಬಿಲ್ ಸಮೇತ ತೋರಿಸುವ ಕಾರನ್ನು ಈಗಲೂ ಖುಷಿಯಿಂದ ಕೊಳ್ಳುತ್ತೇನೆ. ನನ್ನನ್ನು ಮುಳುಗಿಸಿದ್ದು ಬೇರೆ ಜಾತಿಯ ಕಾರು. ಜೋರಾಗಿ ಮಾಡಿಫೈ ಮಾಡಿ, ಮಾರುವ ಮುಂಚೆ ಒಳ್ಳೆಯ ಪಾರ್ಟ್ಸ್ ಎಲ್ಲ ಬಿಚ್ಚಿಕೊಂಡು, ಅರ್ಧಂಬರ್ಧ ಸ್ಟಾಕ್‌ಗೆ, ಅಂದರೆ ಕಂಪನಿಯಿಂದ ಬಂದ ಹಾಗಿನ ಸ್ಥಿತಿಗೆ ತಂದು ನಿಲ್ಲಿಸಿದ್ದು.

ಮಾರಿದ ವ್ಯಕ್ತಿ ಒಳ್ಳೆಯ ಮಾತುಗಾರ. ‘ಎಲ್ಲ ಸ್ಟಾಕ್, 280 ಪಿಎಸ್, ಯಾರೂ ಕೈ ಹಾಕಿಲ್ಲ’ ಅಂದರು. ಪಿಎಸ್ ಅಂದರೆ ಎಂಜಿನ್ ಶಕ್ತಿಯ ಅಳತೆ, ಹೆಚ್ಚುಕಡಿಮೆ ಹಾರ್ಸ್‌ಪವರ್ ಇದ್ದ ಹಾಗೆ. ಈ 280ರ ಮಾತೇ ಒಂದು ತಮಾಷೆ. 1989ರ ಸುಮಾರಿನಿಂದ 2004ರವರೆಗೆ ಜಪಾನಿನ ಕಂಪನಿಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು, ತಮ್ಮ ದೇಶದಲ್ಲಿ ಮಾರುವ ಯಾವ ಕಾರಿಗೂ ಕಾಗದದ ಮೇಲೆ 280 ಪಿಎಸ್ ದಾಟಿಸುತ್ತಿರಲಿಲ್ಲ. ಅದಕ್ಕಿಂತ ಜಾಸ್ತಿ ಶಕ್ತಿ ಇದ್ದ ಕಾರಿಗೂ ಅದೇ ಸಂಖ್ಯೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ತಲೆಯಾಡಿಸಿದೆ. ಕಾರು ಅಷ್ಟು ಚೆನ್ನಾಗಿ ಹೊಳೆಯುತ್ತಿತ್ತು, ಏನು ಮಾಡಲಿ.

ನಾನು ಹೋದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು. ‘ನಿಮಗೋಸ್ಕರ ಸ್ಟಾರ್ಟ್ ಮಾಡಿಟ್ಟಿದ್ದೆ’ ಅಂದರು. ಎಷ್ಟು ಒಳ್ಳೆಯ ಮನುಷ್ಯ ಅನ್ನಿಸಿತು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವಾಗ ಬರುವ ಹೊಗೆ, ಪಿಸ್ಟನ್ ಬಡಿತ ಎಲ್ಲ ಬಿಸಿ ಎಂಜಿನ್‌ನಲ್ಲಿ ಅಡಗಿಹೋಗುತ್ತದೆ. ಅಂಥ ಕಡೆ ‘ನಾಳೆ ಬರುತ್ತೇನೆ, ಮುಟ್ಟದೆ ಬಿಡಿ’ ಅಂತ ವಾಪಸ್ ಬರಬೇಕಿತ್ತು.

ಸುಳಿವುಗಳು ಕಣ್ಣೆದುರೇ ಇದ್ದವು. ಡ್ಯಾಶ್‌ಬೋರ್ಡ್ ಪಕ್ಕದ ಕಂಬದಲ್ಲಿ ರಬ್ಬರ್ ಬಿರಡೆ ಹಾಕಿ ಮುಚ್ಚಿದ ಒಂದು ತೂತು. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ ತೋರಿಸುವ ಗೇಜ್ ಇದ್ದ ಜಾಗ ಅದು. ಹಳೆಯ ಹೋಸ್‌ಗಳ ಮೇಲೆ ಹೊಚ್ಚ ಹೊಸ ಕ್ಲಿಪ್‌ಗಳು. ಸೈಲೆನ್ಸರ್ ಪೂರ್ತಿ ತುಕ್ಕು, ಅದನ್ನು ಹಿಡಿದ ಬೋಲ್ಟ್ ಮಾತ್ರ ಪಳಪಳ. ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪ್ ಮುಚ್ಚಳದ ಸ್ಕ್ರೂಗಳಲ್ಲಿ ಹೊಸದಾಗಿ ಸ್ಕ್ರೂಡ್ರೈವರ್ ಆಡಿಸಿದ ಗೀರು. ಸ್ಪೀಡೋಮೀಟರ್‌ನಲ್ಲಿ 260ರವರೆಗೆ ಅಂಕಿ. ಜಪಾನಿನಲ್ಲಿ ಮಾರುವ ಆ ಕಾಲದ ಕಾರುಗಳಿಗೆ ಸಾಮಾನ್ಯವಾಗಿ 180ಕ್ಕೇ ಮೀಟರ್ ಮುಗಿಯುತ್ತದೆ, ವೇಗದ ಮಿತಿಯೂ ಅಲ್ಲಿಗೇ ಕಟ್ಟಿರುತ್ತಾರೆ. ಅಂದರೆ ಮೀಟರ್ ಬದಲಾಗಿದೆ, ಅದರಲ್ಲಿ ತೋರಿಸುವ ಕಿಲೋಮೀಟರ್ ಲೆಕ್ಕಕ್ಕೆ ಅರ್ಥವಿಲ್ಲ. ನಾನು ‘ಆಹಾ, 260’ ಅಂತ ಫೋಟೊ ತೆಗೆದುಕೊಂಡೆ.

ಮೂರು ವಾರ ಸ್ವರ್ಗ. ನಾಲ್ಕನೇ ವಾರ ಒಂದು ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬಂತು. ಅದು ನಾಕಿಂಗ್. ಸ್ಪಾರ್ಕ್ ಹೊತ್ತಿಸಿದ ಬೆಂಕಿ ತಲುಪುವ ಮೊದಲೇ ಉಳಿದ ಪೆಟ್ರೋಲ್-ಗಾಳಿ ತಾನಾಗಿ ಸಿಡಿಯುವುದು. ಆಗಲೇ ಕಾಲು ತೆಗೆದು ನಿಧಾನಕ್ಕೆ ಮನೆಗೆ ಬಂದಿದ್ದರೆ ಎಂಜಿನ್ ಉಳಿಯುತ್ತಿತ್ತೇನೋ. ಪೆಟ್ರೋಲ್ ಸರಿ ಇಲ್ಲ ಅಂದುಕೊಂಡು ಓಡಿಸಿದೆ. ಐದನೇ ವಾರ ಹಿಂದಿನಿಂದ ನೀಲಿ ಹೊಗೆ, ಎಂಜಿನ್ ನಡುಕ.

ಮೆಕ್ಯಾನಿಕ್ ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಒಳಗೆ ಎಷ್ಟು ಒತ್ತಡ ಹುಟ್ಟುತ್ತದೆ ಅಂತ ನೋಡಿದರು. ನಾಲ್ಕರಲ್ಲಿ ಮೂರು ಸಿಲಿಂಡರ್ 150 ಪಿಎಸ್‌ಐ ಆಸುಪಾಸು, ಮೂರನೇ ನಂಬರಿನದು ಮಾತ್ರ 80. ಆಮೇಲೆ ಆ ಸಿಲಿಂಡರ್‌ಗೆ ಹೊರಗಿನಿಂದ ಗಾಳಿ ತುಂಬಿದರು. ಎಂಜಿನ್ ಆಯಿಲ್ ಹಾಕುವ ಬಾಯಿಯಿಂದ ಬುಸ್ ಅಂತ ಸದ್ದು. ಸೈಲೆನ್ಸರ್ ಕಡೆ ಬುಸ್ ಅಂದಿದ್ದರೆ ವಾಲ್ವ್. ಆಯಿಲ್ ಬಾಯಲ್ಲಿ ಬಂದರೆ ಪಿಸ್ಟನ್ ಅಥವಾ ರಿಂಗ್. ಈ ಎರಡು ಪರೀಕ್ಷೆಗೆ ಹಿಡಿಯುವುದು ಅರ್ಧ ದಿನ. ಕೊಳ್ಳುವ ಮುಂಚೆ ಮಾಡಿಸಬೇಕಿದ್ದದ್ದು, ಕೊಂಡ ಮೇಲೆ ಮಾಡಿಸಿದೆ. ಅಂದ ಹಾಗೆ, ಇದಕ್ಕೆ ಒಪ್ಪದ ಮಾರಾಟಗಾರನ ಹತ್ತಿರ ಕಾರು ಕೊಳ್ಳಬೇಡಿ, ಅವನು ಏನೇ ಕಾರಣ ಕೊಡಲಿ.

ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ನ ಡಬ್ಬ ತೆರೆದಾಗ ಕಥೆ ಪೂರ್ತಿಯಾಯಿತು. ಒಳಗೆ ಮೂಲ ಚಿಪ್ ಇಲ್ಲ. ಸಾಕೆಟ್ ಬೆಸುಗೆ ಹಾಕಿ ಬೇರೆ ಚಿಪ್ ಕೂರಿಸಿದ್ದಾರೆ. 180ರ ಮಿತಿ ಕಿತ್ತುಹಾಕಿದ್ದಾರೆ, ಬೂಸ್ಟ್ ಏರಿಸಿದ್ದಾರೆ, ಆ ಬೂಸ್ಟ್‌ಗೆ ದೊಡ್ಡ ಪೆಟ್ರೋಲ್ ಪಂಪ್ ಇದೆ ಅಂತ ಲೆಕ್ಕ ಹಾಕಿದ್ದಾರೆ. ಪಂಪ್ ಮಾತ್ರ ಈಗ ಮೂಲ ಕಾರಿನ ಚಿಕ್ಕದು! ಪೆಟ್ರೋಲ್ ಪೂರ್ತಿ ಉರಿಯಲು ಅದರ 14.7 ಪಟ್ಟು ತೂಕದ ಗಾಳಿ ಬೇಕು. ಟರ್ಬೊ ಪೂರ್ತಿ ಒತ್ತಡದಲ್ಲಿದ್ದಾಗ ಬೇಕೆಂದೇ ಪೆಟ್ರೋಲ್ ಜಾಸ್ತಿ ಕೊಟ್ಟು ಆ ಲೆಕ್ಕವನ್ನು 11.5-12ಕ್ಕೆ ಇಳಿಸುತ್ತಾರೆ, ಸಿಲಿಂಡರ್ ತಂಪಾಗಿರಲಿ ಅಂತ. ನನ್ನ ಪಂಪ್ ಅಷ್ಟು ಪೆಟ್ರೋಲ್ ತಳ್ಳಲಾರದೆ ಸೋತಿತು, ಒಳಗೆ ಕಾವು ಏರಿತು, ನಾಕಿಂಗ್ ಶುರುವಾಯಿತು. ಸಾಲದ್ದಕ್ಕೆ ಆ ಚಿಪ್ ಬರೆದದ್ದು ಜಪಾನಿನ ಪ್ರೀಮಿಯಂ ಪೆಟ್ರೋಲ್‌ಗೆ. ಅಲ್ಲಿ ಅದು ಸಾಮಾನ್ಯವಾಗಿ 98ರಿಂದ 100 ಆಕ್ಟೇನ್. ಈ ಸಂಖ್ಯೆ ಜಾಸ್ತಿ ಇದ್ದಷ್ಟೂ ಪೆಟ್ರೋಲ್ ನಾಕಿಂಗ್ ತಡೆಯುತ್ತದೆ. ನಾನು ಹಾಕುತ್ತಿದ್ದದ್ದು 95. ಚೆಕ್ ಎಂಜಿನ್ ದೀಪ ಒಂದು ದಿನವೂ ಹೊತ್ತಲಿಲ್ಲ.

ಹೊಟ್ಟೆ ಉರಿದದ್ದು ಆಮೇಲೆ. ಜಪಾನಿನ ಹರಾಜಿನ ಹಾಳೆ, ಅಂದರೆ ಅಲ್ಲಿ ಕಾರು ಹರಾಜಿಗೆ ಬಂದಾಗ ಪರೀಕ್ಷಕರು ಬರೆದ ವರದಿ, ಮೊದಲ ದಿನದಿಂದಲೂ ನನ್ನ ಹತ್ತಿರವೇ ಇತ್ತು. ಅದರಲ್ಲಿ ‘4’ ಅನ್ನುವ ಗ್ರೇಡ್ ನೋಡಿದೆ, ‘ಆರ್’ ಇಲ್ಲ, ಅಂದರೆ ದೊಡ್ಡ ಅಪಘಾತದ ರಿಪೇರಿ ಇಲ್ಲ ಅಂತ ಸಮಾಧಾನಪಟ್ಟೆ, ಮಡಿಸಿಟ್ಟೆ. ಕೆಳಗೆ ಪರೀಕ್ಷಕರು ಕೈಯಲ್ಲಿ ಗೀಚಿದ ಜಪಾನಿ ಸಾಲುಗಳನ್ನು ಎಂಜಿನ್ ಹೋದ ಮೇಲೆ ಭಾಷೆ ಬಲ್ಲವರಿಂದ ಓದಿಸಿದೆ. ‘ಷಾಗಾಯ್’ ಅಂತ ನಾಲ್ಕು ಕಡೆ ಇತ್ತು. ಕಂಪನಿಯದ್ದಲ್ಲದ ಪಾರ್ಟ್ ಅಂತ ಅದರ ಅರ್ಥ. ಸೈಲೆನ್ಸರ್, ಮೀಟರ್, ಪೆಟ್ರೋಲ್ ಪಂಪ್, ಕಂಪ್ಯೂಟರ್. ಗ್ರೇಡ್ ಹೇಳುವುದು ಕಾರಿನ ಒಟ್ಟು ಸ್ಥಿತಿಯನ್ನಷ್ಟೇ, ಕಾರಿನ ಕಥೆ ಇರುವುದು ಆ ಗೀಚಿನಲ್ಲಿ. ಹಾಳೆಯ ಚಾಸಿ ನಂಬರ್ ಕಾರಿನದ್ದಕ್ಕೆ ಹೊಂದುತ್ತದಾ ಅಂತಲೂ ನೋಡಿ. ಬೇರೆ ಕಾರಿನ ಹಾಳೆ ತೋರಿಸುವವರೂ ಇದ್ದಾರೆ.

ಇನ್ಶೂರೆನ್ಸ್ ಬಗ್ಗೆ ಕೇಳಬೇಡಿ. ಎಂಜಿನ್ ಒಳಗಿನ ಸವೆತ, ಒಡೆತ ಸಾಮಾನ್ಯವಾಗಿ ಅವರ ಲೆಕ್ಕಕ್ಕೆ ಬರುವುದಿಲ್ಲ. ಹೇಳದೆ ಉಳಿದ ಚಿಪ್ ಒಂದು ಇದೆ ಅಂತ ಗೊತ್ತಾದರೆ ನಾಳೆ ಅಪಘಾತದ ಕ್ಲೇಮಿಗೂ ತಕರಾರು ತೆಗೆಯಬಹುದು. ನಾನು ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿದ್ದೇನೆ.

ಮಾರಿದವರಿಗೆ ಫೋನ್ ಮಾಡಿದೆ. ‘ನಾನು ಕೊಟ್ಟಾಗ ಚೆನ್ನಾಗಿತ್ತಲ್ವಾ’ ಅಂದರು. ಆಮೇಲೆ ಎತ್ತಲಿಲ್ಲ. ಮೊನ್ನೆ ಪಿಸ್ಟನ್ ಹುಡುಕುತ್ತಾ ಹಳೆಯ ಪಾರ್ಟ್ಸ್ ಜಾಹೀರಾತುಗಳನ್ನು ನೋಡುತ್ತಿದ್ದೆ. ನನ್ನ ಕಾರಿನ ಮಾಡೆಲ್‌ಗೇ ಹೊಂದುವ ದೊಡ್ಡ ಪೆಟ್ರೋಲ್ ಪಂಪ್, ಬೂಸ್ಟ್ ಗೇಜ್, ಸ್ಟೀಲ್ ಸೈಲೆನ್ಸರ್, ಮೂರೂ ಒಟ್ಟಿಗೆ ಮಾರಾಟಕ್ಕಿದ್ದವು. ಅದೇ ಫೋನ್ ನಂಬರ್. ಕೆಳಗೆ ಬರೆದಿತ್ತು: ‘ಕಾರು ಮಾರಿದ್ದರಿಂದ ಕೊಡುತ್ತಿದ್ದೇನೆ. ಕೆಲಸ ಮಾಡುವುದಕ್ಕೆ ಗ್ಯಾರಂಟಿ.’