12 ಜಿಬಿ ಅಂತ 6 ಜಿಬಿ ಫೋನ್ ಮಾರಿದ್ರು: ಆಫರ್‌ನಲ್ಲಿ ಫೋನ್ ತಗೊಳ್ಳೋರು ದಯವಿಟ್ಟು ಓದಿ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. 2025ರ ದೀಪಾವಳಿ ಆಫರ್‌ನಲ್ಲಿ ಹುಬ್ಬಳ್ಳಿಯ ಒಂದು ಮೊಬೈಲ್ ಅಂಗಡಿ ನನಗೆ "12 ಜಿಬಿ ರ‍್ಯಾಮ್" ಅಂತ ಹೇಳಿ 6 ಜಿಬಿ ಫೋನ್ ಕೊಟ್ಟಿದೆ (ರ‍್ಯಾಮ್ ಅಂದ್ರೆ ತೆರೆದ ಆ್ಯಪ್‌ಗಳು ಓಡೋಕೆ ಫೋನ್ ಬಳಸೋ ವೇಗದ ಜಾಗ). ಅದೂ ಹೊಸ ಪೀಸ್ ಅಲ್ಲ, ಜೂನ್‌ನಲ್ಲೇ ಆಕ್ಟಿವೇಟ್ ಆಗಿ ಕಪಾಟಲ್ಲಿ ಕೂತಿದ್ದ ಪೀಸ್. ವಾಪಸ್ ತಗೊಳ್ಳಿ ಅಂದ್ರೆ ನನಗೇ ಬುದ್ಧಿ ಹೇಳಿ ಕಳಿಸಿದ್ರು. ಸಿಟ್ಟು ಇನ್ನೂ ಇಳಿದಿಲ್ಲ, ಹೇಳಿದ್ದನ್ನೇ ಎರಡೆರಡು ಸಲ ಹೇಳಿದ್ರೆ ಸಹಿಸ್ಕೊಳ್ಳಿ.

ಮಗಳು ಇಂಜಿನಿಯರಿಂಗ್ ಮೊದಲ ವರ್ಷ. ಹಳೇ ಫೋನ್ ಚಾರ್ಜ್ ನಿಲ್ತಿರ್ಲಿಲ್ಲ. ಹದಿನೈದು ಸಾವಿರದೊಳಗೆ ಒಂದು ಫೋನ್, ಹ್ಯಾಂಗ್ ಆಗಬಾರದು, ಕಾಲೇಜು ಮುಗಿಯೋ ತನಕ ಬಾಳಿಕೆ ಬರಬೇಕು. ನಮ್ಮ ಬೇಡಿಕೆ ಇಷ್ಟೇ. ಆನ್‌ಲೈನ್ ಬೇಡ, ಅಂಗಡಿಯಲ್ಲಿ ತಗೊಂಡ್ರೆ ನಾಳೆ ಏನಾದ್ರೂ ಆದ್ರೆ ಹೋಗಿ ಕೇಳಬಹುದು ಅಂತ ಮಗಳನ್ನ ಒಪ್ಪಿಸಿದ್ದು ನಾನೇ. ಹೋಗಿ ಕೇಳಿದ್ದಾಯ್ತು, ಏನು ಉತ್ತರ ಸಿಕ್ತು ಅಂತ ಕೆಳಗೆ ಬರೀತೀನಿ.

ಅಂಗಡಿಯಲ್ಲಿ ಕಂಪನಿ ಟೀ ಶರ್ಟ್ ಹಾಕ್ಕೊಂಡು ನಿಂತಿರ್ತಾರಲ್ಲ ಹುಡುಗರು, ನಾವು ಅವರನ್ನ ಅಂಗಡಿಯವರು ಅಂತ ಅಂದ್ಕೊಳ್ತೀವಿ. ಬಹಳ ಕಡೆ ಅವರು ಆಯಾ ಬ್ರ್ಯಾಂಡಿನ ಪ್ರೊಮೋಟರ್‌ಗಳು. ಅವರವರ ಫೋನ್ ಹೋದ್ರೆ ಅವರವರಿಗೆ ಇನ್ಸೆಂಟಿವ್. ನಾವು ಮನೆಯಿಂದ ಬರ್ಕೊಂಡು ಹೋಗಿದ್ದ ಮಾಡೆಲ್ ಹೆಸರು ಹೇಳಿದ ತಕ್ಷಣ "ಅದು ಸ್ಟಾಕ್ ಇಲ್ರಿ ಅಕ್ಕಾರ, ಮತ್ತ ಅದು ಹೀಟ್ ಆಗ್ತೈತ್ರಿ" ಅಂದ ಅಂಥ ಒಬ್ಬ ಹುಡುಗ. ಸ್ಟಾಕೇ ಇಲ್ಲದ ಫೋನ್ ಹೀಟ್ ಆಗೋದು ಇವನಿಗೆ ಹೇಗೆ ಗೊತ್ತೋ. ನಾನು ಹಾಸನದ ಕಡೆಯವಳು, ಕೆಲಸಕ್ಕೆ ಇಲ್ಲಿಗೆ ಬಂದವಳು. ಬಾಯ್ತುಂಬ "ಅಕ್ಕಾರ" ಅಂತ ಕರೆದ್ರೆ ನನಗೆ ಇವತ್ತಿಗೂ ಖುಷಿ ಆಗುತ್ತೆ. ಆ ಹುಡುಗ ಫೋನ್ ಕೈಗಿಟ್ಟು ಒಂದೇ ಉಸಿರಲ್ಲಿ ಹೇಳಿದ್ದು:

"ಇದು ನೋಡ್ರಿ ಅಕ್ಕಾರ, 12 ಜಿಬಿ ರ‍್ಯಾಮ್ ಐತಿ, 50 ಮೆಗಾಪಿಕ್ಸೆಲ್ ಟ್ರಿಪಲ್ ಕ್ಯಾಮೆರಾ, 5ಜಿ, ಐದು ವರ್ಷ ಏನೂ ನೋಡಂಗಿಲ್ರಿ. ಜಿಎಸ್‌ಟಿ ಇಳದೈತಲ್ರಿ, ಅದಕ್ಕ 18,999ದ್ದು 13,999ಕ್ಕ ಕೊಡಾಕತ್ತೀವಿ."

ಈ ಜಿಎಸ್‌ಟಿ ಸುಳ್ಳು ಮೊದಲು ಕೇಳಿ. ಸೆಪ್ಟೆಂಬರ್ 22ರಿಂದ ದರ ಇಳಿದಿದ್ದು ದೊಡ್ಡ ಟಿವಿಗೆ, ಎಸಿಗೆ, ಇನ್ನೂ ಏನೇನಕ್ಕೋ. ಮೊಬೈಲ್‌ಗೆ ಒಂದು ಪೈಸೆ ಇಳಿದಿಲ್ಲ. 2020ರ ಏಪ್ರಿಲ್‌ನಿಂದ 18 ಪರ್ಸೆಂಟ್, ಈಗಲೂ 18 ಪರ್ಸೆಂಟ್. ನನ್ನ ಬಿಲ್ ಮೇಲೂ ಕೇಂದ್ರದ್ದು 9, ರಾಜ್ಯದ್ದು 9 ಅಂತಲೇ ಇದೆ. ಹಬ್ಬದ ಗದ್ದಲದಲ್ಲಿ ಎಷ್ಟು ಜನಕ್ಕೆ ಈ ಕಥೆ ಹೇಳಿದಾರೋ ಏನೋ.

ದುಡ್ಡು ಕೊಟ್ಟ ಮೇಲೆ, ಅಂದ್ರೆ ಝೀರೋ ಇಂಟರೆಸ್ಟ್ ಇಎಂಐಗೆ ಸಹಿ ಹಾಕಿದ ಮೇಲೆ (ಪ್ರೊಸೆಸಿಂಗ್ ಫೀ ಅಂತ ಬೇರೆ, ಸ್ಕ್ರೀನ್ ಒಡೆದ್ರೆ ಇರ್ಲಿ ಅಂತ ಒಂದು ಪ್ಲಾನ್ ನಮ್ಮನ್ನ ಕೇಳದೇ ಸೇರಿಸಿದ್ದು ಬೇರೆ), "ಗ್ಲಾಸ್ ಹಾಕಿ ಕೊಡ್ತೇನ್ರಿ" ಅಂತ ಬಾಕ್ಸ್ ತಗೊಂಡು ಕೌಂಟರ್ ಕೆಳಗೆ ಬಗ್ಗಿದ. ಎದ್ದಾಗ ಬಾಕ್ಸ್ ತೆರೆದಿತ್ತು. ಸೀಲ್ ಇತ್ತಾ, ಇರ್ಲಿಲ್ವಾ, ನಮ್ಮಿಬ್ಬರಿಗೂ ಕಾಣ್ಲಿಲ್ಲ. ಸಿಮ್ ಹಾಕಿ, ಪೆನ್ನು, ಕೀಚೈನ್, ಒಂದು ಬಾಕ್ಸ್ ಸೋನ್‌ಪಾಪಡಿ ಕೊಟ್ಟು ಕಳಿಸಿದ್ರು.

ಮನೆಗೆ ಬಂದು ಮಗಳು ಕಾಲೇಜಿನ ಆ್ಯಪ್, ವಾಟ್ಸಾಪ್, ಕ್ಯಾಮೆರಾ ತೆಗೆದ್ಲು. ಕ್ಯಾಮೆರಾದಿಂದ ವಾಪಸ್ ಬಂದ್ರೆ ಆ್ಯಪ್ ಮತ್ತೆ ಮೊದಲಿಂದ ಶುರು. ಬರೀತಿದ್ದ ಅಸೈನ್‌ಮೆಂಟ್ ಹೋಯ್ತು. ಮತ್ತೆ ಬರೆದ್ಲು, ಮತ್ತೆ ಹೋಯ್ತು. "ಅಮ್ಮ, 12 ಜಿಬಿ ಫೋನ್ ಹಿಂಗೆ ಮಾಡಲ್ಲ" ಅಂತ ಸೆಟ್ಟಿಂಗ್ಸ್‌ಗೆ ಹೋಗಿ ಅಬೌಟ್ ಫೋನ್ ತೆಗೆದ್ಲು. ಅಲ್ಲಿತ್ತು: 6 ಜಿಬಿ, ಪಕ್ಕದಲ್ಲಿ ಕೂಡಿಸೋ ಚಿಹ್ನೆ, ಇನ್ನೊಂದು 6 ಜಿಬಿ.

ನಾನು ಬಾಕ್ಸ್ ತಿರುಗಿಸಿ ನೋಡ್ದೆ. ಹಿಂದುಗಡೆ ಕಂಪನಿ ಲೇಬಲ್ ಇರುತ್ತಲ್ಲ, ಐಎಂಇಐ (ಪ್ರತಿ ಫೋನ್‌ಗೂ ಬೇರೆ ಬೇರೆ ಇರೋ ಗುರುತಿನ ನಂಬರ್), ಎಂಆರ್‌ಪಿ, ತಯಾರಾದ ತಿಂಗಳು ಎಲ್ಲ ಇರೋದು, ಅದರ ಮೇಲೆ ಸರಿಯಾಗಿ ಎರಡು ಸಾಲು ಮುಚ್ಚೋ ಹಾಗೆ ಅಂಗಡಿಯ ಬಾರ್‌ಕೋಡ್ ಸ್ಟಿಕರ್. ಪಕ್ಕದಲ್ಲಿ ಬೇಕಾದಷ್ಟು ಖಾಲಿ ಜಾಗ ಇತ್ತು. ಅಲ್ಲಿ ಅಂಟಿಸ್ಲಿಲ್ಲ. ಉಗುರಲ್ಲಿ ಕೆರೆದೆ, ಅಂಟು ಬಿಡ್ಲಿಲ್ಲ, ಮಗಳು ಹೇರ್ ಡ್ರೈಯರ್ ತಂದ್ಲು. ಬಿಸಿ ಮಾಡಿ ಮೂಲೆಯಿಂದ ಎಳೆದ್ರೆ ಕೆಳಗೆ ಸ್ಪಷ್ಟವಾಗಿ 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್. ಅದರ ಕೆಳಗಿನ ಸಾಲು ತಯಾರಾದ ತಿಂಗಳು, ವರ್ಷ ಎರಡೂ ಹಳೇದು. ಆ ಸ್ಟಿಕರ್ ಕೈಲಿ ಹಿಡ್ಕೊಂಡು ಮಗಳ ಮುಖ ನೋಡೋಕೆ ನಾಚಿಕೆ ಆಯ್ತು ನನಗೆ. ಸ್ಟಿಕರ್ ಅಂಟಿಸಿದವನಿಗೆ ಆಗಬೇಕಾದ ನಾಚಿಕೆ ಅದು.

ಆ ಇನ್ನೊಂದು 6 ಜಿಬಿ ಏನು ಅಂದ್ರೆ ವರ್ಚುವಲ್ ರ‍್ಯಾಮ್. ಅದು ರ‍್ಯಾಮೇ ಅಲ್ಲ. ನಾವು ದುಡ್ಡು ಕೊಟ್ಟಿರೋ 128 ಜಿಬಿ ಸ್ಟೋರೇಜ್‌ನಲ್ಲೇ ಒಂದಿಷ್ಟು ಕಿತ್ಕೊಂಡು ರ‍್ಯಾಮ್ ಅಂತ ಹೆಸರಿಡೋದು. ಒಲೆ ಕಟ್ಟೆಯಲ್ಲಿ ಜಾಗ ಸಾಲದೆ ಸಾರಿನ ಪಾತ್ರೆನ ಅಟ್ಟದ ಮೇಲಿಟ್ಟು, ಬಡಿಸೋವಾಗೆಲ್ಲ ಏಣಿ ಹತ್ತಿ ಇಳಿಸಿದ ಹಾಗೆ. ಜಾಗ ಇದೆ ನಿಜ, ಅದನ್ನ ಒಲೆ ಕಟ್ಟೆ ಅನ್ನೋಕಾಗುತ್ತಾ? ಅದರಲ್ಲೂ ಈ ಫೋನ್‌ನಲ್ಲಿರೋದು ಇಎಂಎಂಸಿ ಅನ್ನೋ ಹಳೇ ಥರದ ಸ್ಟೋರೇಜ್, ಅದಕ್ಕಿಂತ ವೇಗದ ಯುಎಫ್‌ಎಸ್ ಅಲ್ಲ. ಯುಎಫ್‌ಎಸ್‌ನಲ್ಲಿ ಓದೋದು ಬರೆಯೋದು ಒಟ್ಟಿಗೇ ನಡೆಯುತ್ತೆ, ಇಎಂಎಂಸಿಯಲ್ಲಿ ಒಂದು ಮುಗಿದ ಮೇಲೆ ಇನ್ನೊಂದು. ಮೊದಲೇ ನಿಧಾನದ್ದು, ಅದರ ಮೇಲೆ ರ‍್ಯಾಮ್ ಕೆಲಸ ಬೇರೆ. ಇದೆಲ್ಲ ನನಗೆ ಮಗಳ ಕ್ಲಾಸಿನ ಹುಡುಗ ಒಬ್ಬ ಫೋನ್‌ನಲ್ಲಿ ಯಾವುದೋ ಆ್ಯಪ್ ಹಾಕಿ ತೋರಿಸಿದ ಮೇಲೆ ಗೊತ್ತಾಗಿದ್ದು. ಅಂಗಡಿಯಲ್ಲಿ ಇದರ ಸುದ್ದಿಯೇ ಇಲ್ಲ, ಪೋಸ್ಟರ್ ಮೇಲೂ ಇಲ್ಲ. ಫೋನ್ ಓಡುತ್ತೋ ತೆವಳುತ್ತೋ ಅಂತ ತೀರ್ಮಾನ ಮಾಡೋದು ಮಾತ್ರ ಇದೇ.

ಮಾರನೇ ದಿನವೇ ಹೋದ್ವಿ. ಅದೇ ಹುಡುಗ. ಇವತ್ತು "ಅಕ್ಕಾರ" ಇಲ್ಲ, "ಮೇಡಂ".

"ಹಂಗಲ್ರಿ ಮೇಡಂ, 6 ಪ್ಲಸ್ 6 ಅಂದ್ರ 12 ಆತಲ್ರಿ. ಲೆಕ್ಕ ಸರಿ ಐತಿ."

ಲೆಕ್ಕ ಸರಿ ಐತಿ! ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಡೋ ಟೀಚರ್, ನನಗೆ ಆರಾರು ಹನ್ನೆರಡಿನ ಪಾಠ. ಸ್ಟಿಕರ್ ಯಾಕೆ ಅಲ್ಲೇ ಅಂಟಿಸಿದ್ರಿ ಅಂದೆ. "ಅದು ಸಿಸ್ಟಮ್ ಬಿಲ್ಲಿಂಗ್‌ಗೆ ಹಚ್ತೀವ್ರಿ, ಎಲ್ಲಿ ಬರ್ತೈತೋ ಅಲ್ಲಿ." ಕಪಾಟಿನಲ್ಲಿದ್ದ ಅದೇ ಮಾಡೆಲ್‌ನ ಉಳಿದ ಬಾಕ್ಸ್ ತೋರಿಸಿ ಅಂದೆ. ತೋರಿಸ್ಲಿಲ್ಲ. ಮಾಲೀಕರು ಬಂದ್ರು, ತಣ್ಣಗೆ ಮಾತಾಡೋ ಮನುಷ್ಯ.

"ಎಲ್ಲಾ ಕಂಪನಿನೂ ಹಿಂಗ ಬರೀತಾವ್ರಿ ಮೇಡಂ, ನಾವೇನ್ ಮನ್ಯಾಗ ಫೋನ್ ಮಾಡ್ತೀವೇನ್ರಿ? ಪೋಸ್ಟರ್ ಮ್ಯಾಲೆ ಸ್ಟಾರ್ ಹಾಕೀವಿ ನೋಡ್ರಿ."

ನೋಡಿದೆ. ಗೋಡೆ ಅಗಲದ ಪೋಸ್ಟರ್, ಆಳುದ್ದ 12, ಅದರ ತಲೆ ಮೇಲೆ ಸಾಸಿವೆ ಕಾಳಷ್ಟು ನಕ್ಷತ್ರ. ಆ ನಕ್ಷತ್ರದ ಅರ್ಥ ಬರೆದಿದ್ದ ಸಾಲು ಪೋಸ್ಟರ್‌ನ ಬುಡದಲ್ಲಿ, ಕುರ್ಚಿಗಳ ಹಿಂದೆ. ಮಗಳು ಕುರ್ಚಿ ಸರಿಸಿ ಫೋಟೊ ತೆಗೆದ್ಲು. ಫೋಟೊ ತೆಗೆದಿದ್ದೇ ತಡ, ಅಲ್ಲಿ ತನಕ ತಣ್ಣಗಿದ್ದವರಿಗೆ ಸಿಟ್ಟು ಬಂತು.

"ಓಪನ್ ಆಗಿದ್ದು ವಾಪಸ್ ತಗೋಳಂಗಿಲ್ರಿ. ಮತ್ತ ನಿಮ್ಮ ಐಎಂಇಐ ಫೈನಾನ್ಸ್‌ಗೆ ಲಿಂಕ್ ಆಗೇತಿ, ನಮ್ಮ ಕೈಯಾಗ ಏನಿಲ್ಲ. ಸರ್ವಿಸ್ ಸೆಂಟರ್‌ಗೆ ಹೋಗ್ರಿ."

ಓಪನ್ ಮಾಡಿದ್ದು ಯಾರಪ್ಪ? ಕೌಂಟರ್ ಕೆಳಗೆ ಬಗ್ಗಿ ಓಪನ್ ಮಾಡಿದ್ದು ನಾನಾ?

ಸರ್ವಿಸ್ ಸೆಂಟರ್‌ಗೂ ಹೋದ್ವಿ. ಅಲ್ಲಿಯ ಹುಡುಗ ಪಾಪ ಒಳ್ಳೆಯವನು. ಐಎಂಇಐ ಹಾಕಿ ಸ್ಕ್ರೀನ್ ನಮ್ಮ ಕಡೆ ತಿರುಗಿಸಿದ. ಆಕ್ಟಿವೇಶನ್ ಜೂನ್. ನಾವು ತಗೊಂಡಿದ್ದು ಅಕ್ಟೋಬರ್. ತಿಂಗಳ ಟಾರ್ಗೆಟ್ ಮುಟ್ಟಿಸೋಕೆ ಅಂಗಡಿಯವರು ಬಾಕ್ಸ್ ತೆಗೆದು ಒಂದು ಸಲ ಆನ್ ಮಾಡಿ ಮಾರಾಟ ಆಯ್ತು ಅಂತ ತೋರಿಸ್ತಾರಂತೆ, ಆಮೇಲೆ ಹಬ್ಬಕ್ಕೆ ಸಾಗಹಾಕ್ತಾರಂತೆ. "ಬಿಲ್ ಇಟ್ಕೋರಿ ಮೇಡಂ, ಬಿಲ್ ತೋರಿಸಿದ್ರ ವಾರಂಟಿ ಸರಿ ಮಾಡಾಕ ರಿಕ್ವೆಸ್ಟ್ ಹಾಕ್ತೇವಿ" ಅಂದ. ಅಂದ್ರೆ ಬಿಲ್ ಕಳ್ಕೊಂಡವರ ವಾರಂಟಿ ಜೂನ್‌ನಿಂದಲೇ. ಅಂಗಡಿಗೆ ಫೋನ್ ಮಾಡಿ ಕೇಳಿದ್ರೆ ಮಾಲೀಕರ ಉತ್ತರ: "ಡೆಮೋ ಚೆಕ್ ಮಾಡಿರ್ತಾರ್ರಿ, ಅದು ನಿಮ್ಮ ಒಳ್ಳೇದಕ್ಕ." ಆಮೇಲೆ ನಮ್ಮ ನಂಬರ್ ಎತ್ತಲೇ ಇಲ್ಲ.

ಉಳಿದಿದ್ದು ಬೇಗ ಹೇಳ್ತೀನಿ. ಟ್ರಿಪಲ್ ಕ್ಯಾಮೆರಾ ಅಂದ್ರೆ ಒಂದು ಕ್ಯಾಮೆರಾ, ಒಂದು 2 ಮೆಗಾಪಿಕ್ಸೆಲ್‌ನ ಲೆಕ್ಕಕ್ಕಿರೋದು, ಮೂರನೇ ಉಂಗುರದೊಳಗೆ ಏನೂ ಇಲ್ಲ, ಬರೀ ಅಲಂಕಾರ. 50 ಮೆಗಾಪಿಕ್ಸೆಲ್ ಅನ್ನೋದು ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ ಹನ್ನೆರಡೂವರೆಗೆ ಇಳಿಯುತ್ತೆ, ಅದು ತಪ್ಪಲ್ಲ, ಎಲ್ಲರೂ ಮಾಡ್ತಾರೆ, ಆದ್ರೆ ಸಂಖ್ಯೆ ನೋಡಿ ಮರುಳಾಗೋ ಅಗತ್ಯ ಇಲ್ಲ. 33 ವ್ಯಾಟ್ ಚಾರ್ಜಿಂಗ್ "ಸಪೋರ್ಟ್" ಇದೆ, ಬಾಕ್ಸ್‌ನಲ್ಲಿ ಕೊಟ್ಟಿರೋದು 10 ವ್ಯಾಟ್ ಚಾರ್ಜರ್. 5ಜಿ ಒಂದು ಸರಿ ಇದೆ, ಸುಳ್ಳು ಹೇಳಬಾರದು.

ಆದ್ರೆ ಅಪ್‌ಡೇಟ್ ವಿಚಾರಕ್ಕೆ ನನಗೆ ರ‍್ಯಾಮ್‌ಗಿಂತ ಹೆಚ್ಚು ಸಿಟ್ಟು. ಫೋನ್ ಓಡಿಸೋ ಸಾಫ್ಟ್‌ವೇರ್ ಆಂಡ್ರಾಯ್ಡ್‌ನ 16ನೇ ಆವೃತ್ತಿ 2025ರ ಜೂನ್‌ನಲ್ಲೇ ಬಂದಿದೆ. ಈ ಫೋನ್ ಇರೋದು 13ರಲ್ಲಿ, ಇನ್ನು ಮುಂದಕ್ಕೆ ಹೋಗಲ್ಲ, ಸೆಕ್ಯೂರಿಟಿ ಪ್ಯಾಚ್ (ಕಳ್ಳರು ನುಗ್ಗೋ ತೂತು ಮುಚ್ಚೋ ಅಪ್‌ಡೇಟ್) ಕೂಡ ತಿಂಗಳುಗಟ್ಟಲೆ ಹಿಂದಿನದು. "ಐದು ವರ್ಷ ಏನೂ ನೋಡಂಗಿಲ್ರಿ" ಅಂದಿದ್ದನಲ್ಲ, ಹೌದು, ಕಂಪನಿಯೂ ತಿರುಗಿ ನೋಡಲ್ಲ. ಗೂಗಲ್‌ನವರು 2023ರ ಪಿಕ್ಸೆಲ್ 8 ಫೋನ್‌ಗೆ, ಸ್ಯಾಮ್‌ಸಂಗ್‌ನವರು 2024ರ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಘೋಷಿಸಿದ್ರು. ಅವು ನಮ್ಮ ಕೈಗೆಟುಕೋ ರೇಟಲ್ಲ ಬಿಡಿ. ಆದ್ರೆ ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರೋ ಹೊಸ ಮಾಡೆಲ್‌ಗಳಿಗೆ, ಅಗ್ಗದವಕ್ಕೂ ಸೇರಿಸಿ, ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಕೊಡಬೇಕು ಅಂತ ನಿಯಮ ಇದೆ. ಅಲ್ಲಿಯವರಿಗೆ ಸಿಗೋದು ಇಲ್ಲಿ ಇಎಂಐ ಕಟ್ಟಿ ತಗೊಳ್ಳೋ ನಮಗೆ ಯಾಕಿಲ್ಲ? ಇದೇ ಫೋನ್‌ನಲ್ಲಿ ಮಗಳು ಯುಪಿಐ ಮಾಡೋದು, ಅವಳ ಸ್ಕಾಲರ್‌ಶಿಪ್ ಬರೋ ಬ್ಯಾಂಕ್ ಆ್ಯಪ್ ಇರೋದು.

ನೀವು ತಗೊಳ್ಳೋಕೆ ಹೊರಟಿದ್ರೆ ನನ್ನ ಮಾತು ಕೇಳಿ. ದುಡ್ಡು ಕೊಡೋ ಮುಂಚೆ ಬಾಕ್ಸ್ ನಿಮ್ಮ ಕೈಗೆ ತಗೊಳ್ಳಿ, ಲೇಬಲ್ ಓದಿ, ಅಂಗಡಿ ಸ್ಟಿಕರ್ ಮೇಲಿದ್ರೆ ಕಿತ್ತು ತೋರಿಸಿ ಅನ್ನಿ, ಕೀಳಲ್ಲ ಅಂದ್ರೆ ಎದ್ದು ಬನ್ನಿ. ಸೀಲ್ ಒಡೆಯೋದು ನಿಮ್ಮ ಕಣ್ಣೆದುರಿಗೇ ಆಗ್ಲಿ, ಮೊಬೈಲ್‌ನಲ್ಲಿ ವಿಡಿಯೋ ಮಾಡ್ಕೊಳ್ಳಿ, ಹುಡುಗ ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ. ಬಿಲ್ ಮೇಲೆ ರ‍್ಯಾಮ್ ಎಷ್ಟು ಅಂತ ಬರೆಸಿ. ನನ್ನ ಬಿಲ್ ಮೇಲೆ ಮಾಡೆಲ್ ಹೆಸರು, ಐಎಂಇಐ ಬಿಟ್ರೆ ಏನಿಲ್ಲ, ಅದೇ ಅವರಿಗೆ ಬಲ. ಆ ಮಾಡೆಲ್‌ಗೆ ಯಾವ ವರ್ಷದ ತನಕ ಅಪ್‌ಡೇಟ್ ಅಂತ ಕಂಪನಿ ವೆಬ್‌ಸೈಟಲ್ಲೇ ನೋಡಿ, ಪ್ರೊಮೋಟರ್ ಬಾಯಲ್ಲಿ ಕೇಳಬೇಡಿ. ಡಯಲ್ ಪ್ಯಾಡಲ್ಲಿ *#06# ಒತ್ತಿದ್ರೆ ಐಎಂಇಐ ಬರುತ್ತೆ, ಬಾಕ್ಸ್ ಜೊತೆ ತಾಳೆ ನೋಡಿ, ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ, ಹಳೇ ಆಕ್ಟಿವೇಶನ್ ದಿನಾಂಕ ತೋರಿಸಿದ್ರೆ ಅಲ್ಲೇ ಜಗಳ ಆಡಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲೂ ನೋಡಿ, ಕದ್ದ ಫೋನ್ ಆಗಿ ಬ್ಲಾಕ್ ಆಗಿದ್ರೆ ತಿಳಿಯುತ್ತೆ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಪೋಸ್ಟರ್ ಫೋಟೊ, ಸ್ಟಿಕರ್ ಕಿತ್ತ ಬಾಕ್ಸ್, ಆಕ್ಟಿವೇಶನ್ ತೋರಿಸೋ ಸ್ಕ್ರೀನ್‌ಶಾಟ್ ಎಲ್ಲ ಹಾಕಿದೀನಿ. ದೂರು ಹೋದ ಮೇಲೆ, ನಮ್ಮ ನಂಬರ್ ಎತ್ತದಿದ್ದ ಮಾಲೀಕರೇ ಫೋನ್ ಮಾಡಿದ್ರು. ಮತ್ತೆ "ಅಕ್ಕಾರ" ವಾಪಸ್ ಬಂತು. "ಅಕ್ಕಾರ, ಕಂಪ್ಲೇಂಟ್ ತಗೀರಿ, ಒಂದು ಬ್ಯಾಕ್ ಕವರ್, ಒಂದು ಇಯರ್‌ಫೋನ್ ಫ್ರೀ ಕೊಡ್ತೇವ್ರಿ." ನನಗೆ ಕವರ್ ಬೇಡ, ಪೂರ್ತಿ ದುಡ್ಡು ವಾಪಸ್ ಕೊಡಿ, ಆ ಲೋನ್ ಮುಚ್ಚಿ ಅಂದೆ. "ಅದು ಆಗಂಗಿಲ್ರಿ" ಅಂತ ಇಟ್ರು.

ಈಗ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕೋಕೆ ಕಾಗದ ಪತ್ರ ರೆಡಿ ಮಾಡ್ತಿದೀನಿ. ಐದು ಲಕ್ಷದೊಳಗಿನ ಖರೀದಿಗೆ ಫೀ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬಹುದು. ದೀಪಾವಳಿ ಟೈಮಲ್ಲಿ ಹುಬ್ಬಳ್ಳಿಯಲ್ಲಿ ಇದೇ ಥರ "12 ಜಿಬಿ" ಫೋನ್ ತಗೊಂಡವರು ಯಾರಾದ್ರೂ ಇದ್ರೆ ಬಾಕ್ಸ್ ರದ್ದಿಗೆ ಹಾಕಬೇಡಿ, ಇವತ್ತೇ ಹಿಂದುಗಡೆ ಲೇಬಲ್ ನೋಡಿ ಒಂದು ಮೆಸೇಜ್ ಹಾಕಿ. ಒಬ್ಬಳೇ ಹೋದ್ರೆ ಲೆಕ್ಕ ಸರಿ ಐತಿ ಅಂತಾರೆ, ಹತ್ತು ಬಾಕ್ಸ್ ಒಟ್ಟಿಗೆ ಇಟ್ಟಾಗ ಅದೇ ಮಾತು ಹೇಳಲಿ ನೋಡೋಣ.