ಲ್ಯಾಬ್ರಡಾರ್ ಬ್ರೀಡರ್‌ಗಳಿಗೆ ಎಂಬಾರ್ಕ್ ಡಿಎನ್‌ಎ ಕಿಟ್: ಎಲ್ಲಿ ನಂಬಬಹುದು, ಎಲ್ಲಿ ಸಾಲದು

ಪಿಆರ್‌ಸಿಡಿ-ಪಿಆರ್‌ಎ ಎಂಬ ಕಾಯಿಲೆ ಲ್ಯಾಬ್ರಡಾರ್‌ನ ಕಣ್ಣನ್ನು ನಿಧಾನವಾಗಿ ಕುರುಡು ಮಾಡುತ್ತದೆ. ಅದು ಗೊತ್ತಾಗುವಷ್ಟರಲ್ಲಿ ನಾಯಿಗೆ ನಾಲ್ಕೈದು ವರ್ಷ ಆಗಿರುತ್ತದೆ, ಒಂದೆರಡು ಸೂಲಿನ ಮರಿಗಳು ಊರೂರು ಸೇರಿರುತ್ತವೆ. ಡಿಎನ್‌ಎ ಪರೀಕ್ಷೆ ಬೇಕಾಗುವುದು ಇದಕ್ಕೇ.

ಅಮೆರಿಕದ ಎಂಬಾರ್ಕ್ ಕಂಪನಿ ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜಿನ ಸಹಯೋಗದಲ್ಲಿ ಕೆಲಸ ಮಾಡುತ್ತದೆ. ಒಂದೇ ಸ್ಯಾಂಪಲ್‌ನಲ್ಲಿ ಡಿಎನ್‌ಎಯ 2,30,000ಕ್ಕೂ ಹೆಚ್ಚು ಮಾರ್ಕರ್ (ಗುರುತಿನ ಬಿಂದು) ಓದಿ, 250ಕ್ಕೂ ಹೆಚ್ಚು ಆನುವಂಶಿಕ ಕಾಯಿಲೆಗಳ ವರದಿ ಕೊಡುತ್ತದೆ. ಆ ಸಂಖ್ಯೆ ನೋಡಿ ಕಿಟ್ ಕೊಳ್ಳಬೇಡಿ. ಹೆಚ್ಚಿನವು ಬೇರೆ ತಳಿಗಳ ಕಾಯಿಲೆ. ಲ್ಯಾಬ್ರಡಾರ್‌ಗೆ ಮುಖ್ಯವಾಗಿ ನೋಡಬೇಕಾದ್ದು ಪಿಆರ್‌ಸಿಡಿ, ಜೋರಾಗಿ ಓಡಿದಾಗ ಕುಸಿಯುವ ಇಐಸಿ, ಸ್ನಾಯು ದುರ್ಬಲವಾಗುವ ಸಿಎನ್‌ಎಂ, ಮೂಗು ಒಣಗಿ ಬಿರಿಯುವ ಎಚ್‌ಎನ್‌ಪಿಕೆ, ಕಾಲು ಗಿಡ್ಡವಾಗುವ ಎಸ್‌ಡಿ2.

ಸ್ಯಾಂಪಲ್ ತೆಗೆಯುವುದು ಸುಲಭ, ಕೆಡಿಸುವುದು ಅದಕ್ಕಿಂತ ಸುಲಭ. ಅರ್ಧ ಗಂಟೆ ಮೊದಲಿನಿಂದ ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಮುಚ್ಚಳಕ್ಕೆ ಅಂಟಿದ ಸ್ಪಂಜನ್ನು ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು 30ರಿಂದ 60 ಸೆಕೆಂಡ್ ಒತ್ತಿ ಉಜ್ಜಿ. ಬರೀ ಜೊಲ್ಲು ಸಾಲದು, ಕೆನ್ನೆಯ ಜೀವಕೋಶ ಬರಬೇಕು. ಟ್ಯೂಬಿನ ದ್ರಾವಣ ಡಿಎನ್‌ಎ ಕೆಡದಂತೆ ಕಾಯುತ್ತದೆ, ಚೆಲ್ಲಬೇಡಿ. ಸ್ಪಂಜನ್ನು ಒಳಗಿಟ್ಟು ಮುಚ್ಚಳ ಬಿಗಿದು ಹತ್ತು ಸಲ ಅಲ್ಲಾಡಿಸಿ. ಹಾಲು ಕುಡಿಯುವ ಮರಿಗಳಲ್ಲಿ ಹೆಚ್ಚು ಎಚ್ಚರ ಬೇಕು. ಬಾಯಲ್ಲಿ ತಾಯಿ ಹಾಲು ಉಳಿದಿದ್ದರೆ ಅದರಲ್ಲಿನ ತಾಯಿಯ ಜೀವಕೋಶವೂ ಸ್ಯಾಂಪಲ್‌ಗೆ ಸೇರುತ್ತದೆ. ಮರಿಯನ್ನು ಒಂದೆರಡು ಗಂಟೆ ಪ್ರತ್ಯೇಕ ಇಟ್ಟು ಆಮೇಲೆ ತೆಗೆಯಿರಿ. ಇಡೀ ಸೂಲಿಗೆ ಪರೀಕ್ಷೆ ಮಾಡಿಸುವಾಗ ಒಂದು ಮರಿಯ ಟ್ಯೂಬ್ ಮುಚ್ಚಿ, ಕೊರಳಪಟ್ಟಿಯ ಬಣ್ಣವನ್ನೂ ಟ್ಯೂಬಿನ ಬಾರ್‌ಕೋಡನ್ನೂ ಬರೆದುಕೊಂಡು, ಕೈ ತೊಳೆದ ಮೇಲೆಯೇ ಇನ್ನೊಂದನ್ನು ಎತ್ತಿಕೊಳ್ಳಿ.

ವರದಿ ಕೈಗೆ ಬಂದಾಗ ಹೆಚ್ಚು ಜನ ಎಡವುವುದು ‘ಕ್ಯಾರಿಯರ್’ ಎಂಬಲ್ಲಿ. ಇಐಸಿಯನ್ನೇ ನೋಡಿ. 2008ರಲ್ಲಿ ಡಿಎನ್‌ಎಂ1 ಎಂಬ ಜೀನ್‌ನಲ್ಲಿ ಇದರ ದೋಷ ಪತ್ತೆಯಾಯಿತು. ತಂದೆ-ತಾಯಿಯಿಂದ ಒಂದೊಂದಾಗಿ ಬಂದ ಜೀನ್‌ನ ಎರಡೂ ಪ್ರತಿ ಕೆಟ್ಟ ನಾಯಿ ಐದರಿಂದ ಇಪ್ಪತ್ತು ನಿಮಿಷ ಜೋರಾಗಿ ಓಡಿದರೆ ಹಿಂಗಾಲು ಸೋತು ಕುಸಿಯುತ್ತದೆ, ಕೆಲವೊಮ್ಮೆ ಸಾಯುವುದೂ ಉಂಟು. ನಮ್ಮ ಬೇಸಿಗೆಯಲ್ಲಿ ಇದನ್ನು ಬಿಸಿಲಿನ ಹೊಡೆತ ಎಂದುಕೊಳ್ಳುವುದು ಸುಲಭ. ಒಂದೇ ಪ್ರತಿ ಕೆಟ್ಟ ಕ್ಯಾರಿಯರ್‌ಗೆ ಏನೂ ಆಗದು. ಕ್ಯಾರಿಯರನ್ನು ಎರಡೂ ಪ್ರತಿ ಸರಿಯಿರುವ ‘ಕ್ಲಿಯರ್’ ನಾಯಿಗೆ ಕ್ರಾಸ್ ಮಾಡಿಸಿದರೆ ಒಂದು ಮರಿಗೂ ಕಾಯಿಲೆ ಬರುವುದಿಲ್ಲ. ಎರಡು ಕ್ಯಾರಿಯರ್ ಕೂಡಿದರೆ ಪ್ರತಿ ಮರಿಗೂ ಶೇ. 25 ಅಪಾಯ. ಆಗಲೂ ಎಂಟು ಮರಿಯ ಸೂಲಿನಲ್ಲಿ ಒಂದಕ್ಕೂ ಕಾಯಿಲೆ ಬಾರದಿರುವ ಸಾಧ್ಯತೆ ಶೇ. 10ರಷ್ಟಿದೆ. ‘ಹೋದ ಸಲದ ಮರಿಗಳೆಲ್ಲ ಚೆನ್ನಾಗಿವೆ’ ಎಂಬ ಮಾತು ಪುರಾವೆಯಲ್ಲ. ಒಳ್ಳೆಯ ಸ್ವಭಾವದ, ಗಟ್ಟಿ ಕಾಲಿನ ಕ್ಯಾರಿಯರನ್ನು ಬ್ರೀಡಿಂಗ್‌ನಿಂದ ಕೈಬಿಡುವುದು ದೊಡ್ಡ ನಷ್ಟ, ತಳಿಯ ವೈವಿಧ್ಯವೇ ಕುಗ್ಗುತ್ತದೆ.

ಆ ವೈವಿಧ್ಯ ಎಷ್ಟು ಕುಗ್ಗಿದೆ ಎಂದು ಅಳೆಯುವ ಸಿಒಐ (ಒಳಸಂತಾನದ ಪ್ರಮಾಣ) ಅಂಕಿ ಈ ಕಿಟ್‌ನ ಬಹು ದೊಡ್ಡ ಬಲ. ವಂಶಾವಳಿಯ ಕಾಗದ ಸರಾಸರಿ ಅಂದಾಜು ಹೇಳುತ್ತದೆ, ಇದು ಆ ನಾಯಿಯ ಡಿಎನ್‌ಎಯಿಂದಲೇ ಲೆಕ್ಕ ಹಾಕುತ್ತದೆ. ಗೋಲ್ಡನ್ ರಿಟ್ರೀವರ್‌ಗಳ ಅಧ್ಯಯನದಲ್ಲಿ ತಾಯಿಯ ಸಿಒಐ ಶೇ. 10 ಏರಿದಂತೆ ಸೂಲಿಗೆ ಸುಮಾರು ಒಂದು ಮರಿ ಕಡಿಮೆಯಾಗಿದ್ದು ಕಂಡಿದೆ. ಜೋಡಿ ಹುಡುಕುವಾಗ ನಾನಂತೂ ಮೊದಲು ನೋಡುವುದು ಇದನ್ನೇ.

ವರದಿಯಲ್ಲಿ ಎಎಲ್‌ಟಿ (ಲಿವರ್‌ನ ಒಂದು ಕಿಣ್ವ) ಸಾಲನ್ನೂ ಬಿಡಬೇಡಿ. ಅದು ಕಾಯಿಲೆಯಲ್ಲ, ಆದರೂ ‘ಲೋ ನಾರ್ಮಲ್’ ಎಂದಿದ್ದರೆ ನಿಮ್ಮ ಪಶುವೈದ್ಯರಿಗೆ ತಿಳಿಸಿ. ಅಂಥ ನಾಯಿಯ ಲಿವರ್ ಪರೀಕ್ಷೆಯಲ್ಲಿ ಬೇರೆ ನಾಯಿಗೆ ಸಹಜವಾದ ಅಂಕಿಯೂ ಏರಿಕೆಯೇ ಆಗಿರಬಹುದು.

ಕಿಟ್ ಕೈಕೊಡುವುದು ಸೊಂಟದ ವಿಷಯದಲ್ಲಿ. ಸೊಂಟದ ಕೀಲು ಸರಿಯಾಗಿ ಕೂರದ ಹಿಪ್ ಡಿಸ್‌ಪ್ಲೇಸಿಯಾಗೆ ಹಲವು ಜೀನ್, ಅದರ ಮೇಲೆ ತೂಕ, ಆಹಾರ ಎಲ್ಲ ಸೇರುತ್ತವೆ. ಹೌದು-ಅಲ್ಲ ಎಂದು ಹೇಳುವ ಡಿಎನ್‌ಎ ಪರೀಕ್ಷೆ ಇಲ್ಲ. ಎಕ್ಸ್‌ರೇಯೇ ಬೇಕು. ಸೊಂಟದ ಕೀಲಿನ ಸಡಿಲತೆ ಅಳೆಯುವ ಪೆನ್‌ಹಿಪ್ ವಿಧಾನದಲ್ಲಿ 16 ವಾರಕ್ಕೇ ತೆಗೆಸಬಹುದು, ಎಕ್ಸ್‌ರೇ ನೋಡಿ ಗ್ರೇಡ್ ಕೊಡುವ ಅಮೆರಿಕದ ಸಂಸ್ಥೆ ಒಎಫ್‌ಎಯ ಅಂತಿಮ ಗ್ರೇಡ್‌ಗೆ 24 ತಿಂಗಳು ತುಂಬಿರಬೇಕು. ಮೊಣಕೈಗೂ ಎಕ್ಸ್‌ರೇ, ಕಣ್ಣಿಗೆ ವರ್ಷಕ್ಕೊಮ್ಮೆ ತಜ್ಞರ ತಪಾಸಣೆ. ಮರಿ ಮಾರುವವರು ಡಿಎನ್‌ಎ ವರದಿಯೊಂದನ್ನೇ ಮುಂದಿಟ್ಟರೆ ತಂದೆ-ತಾಯಿ ನಾಯಿಗಳ ಎಕ್ಸ್‌ರೇ ಗ್ರೇಡ್ ಕೇಳಿ, ಎರಡೂ ಕಾಗದದ ಮೈಕ್ರೋಚಿಪ್ ನಂಬರ್ ಒಂದೇ ಇದೆಯೇ ಎಂದು ಸ್ಕ್ಯಾನರ್ ಹಿಡಿಸಿ ನೋಡಿಕೊಳ್ಳಿ.