400 ಮೆಗಾಹರ್ಟ್ಸೋ, 100 ಮೆಗಾಹರ್ಟ್ಸೋ: ಜಿಪಿಆರ್ ಆಂಟೆನಾ ಆರಿಸುವವರಿಗೆ

ಜಿಪಿಆರ್ ಎಂದರೆ ನೆಲದೊಳಗೆ ರೇಡಿಯೋ ಅಲೆ ಕಳಿಸಿ, ಮರಳಿ ಬರುವ ಪ್ರತಿಫಲನದಿಂದ ಕೆಳಗೇನಿದೆ ಎಂದು ತೋರಿಸುವ ರೇಡಾರ್. ನೀರಿನ ಪೈಪು, ಕೇಬಲ್ ಹುಡುಕುವುದಿದ್ದರೆ 400 ತೆಗೆದುಕೊಳ್ಳಿ. ಗಟ್ಟಿ ಬಂಡೆ ಎಷ್ಟು ಆಳದಲ್ಲಿದೆ ಎಂದು ತಿಳಿಯಬೇಕಿದ್ದರೆ 100.

ವ್ಯತ್ಯಾಸವೆಲ್ಲ ತರಂಗದೂರದ್ದು, ಅಂದರೆ ಅಲೆಯ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರದ್ದು. ಡೈಎಲೆಕ್ಟ್ರಿಕ್ ಸ್ಥಿರಾಂಕ (ಮಣ್ಣು ಅಲೆಯನ್ನು ಎಷ್ಟು ನಿಧಾನಗೊಳಿಸುತ್ತದೆ ಎಂಬುದನ್ನು ಹೇಳುವ ಸಂಖ್ಯೆ) 9 ಇರುವ ಮಣ್ಣಿನಲ್ಲಿ ರೇಡಾರ್ ಅಲೆ ನ್ಯಾನೊಸೆಕೆಂಡಿಗೆ ಸುಮಾರು 10 ಸೆಂ.ಮೀ. ಸಾಗುತ್ತದೆ. ಅಲ್ಲಿ 400ರ ತರಂಗದೂರ 25 ಸೆಂ.ಮೀ., 100ರದ್ದು 1 ಮೀಟರ್. ಒಂದರ ಕೆಳಗೊಂದಿರುವ ಎರಡು ಪದರಗಳನ್ನು ಬೇರೆಬೇರೆಯಾಗಿ ತೋರಿಸುವ ಶಕ್ತಿಗೆ ರೆಸಲ್ಯೂಶನ್ ಎನ್ನುತ್ತಾರೆ. ಅದು ಹೆಚ್ಚುಕಡಿಮೆ ತರಂಗದೂರದ ಕಾಲುಭಾಗ. ಅಂದರೆ 400ಕ್ಕೆ 6 ಸೆಂ.ಮೀ., 100ಕ್ಕೆ 25. ಸಣ್ಣ ಪೈಪು ಅಡ್ಡ ಬಂದಾಗ 400ರ ಪರದೆಯ ಮೇಲೆ ಕವುಚಿಟ್ಟ ಬಿಲ್ಲಿನಂಥ ಹೈಪರ್ಬೋಲಾ ಚೊಕ್ಕವಾಗಿ ಮೂಡುತ್ತದೆ. 100ರಲ್ಲಿ ಅದು ಕಾಣದೆಯೂ ಹೋಗಬಹುದು.

ಆಳದ ಲೆಕ್ಕ ಎರಡಕ್ಕೂ ಒಂದೇ. ಪರದೆಯಲ್ಲಿ ಕಾಣುವುದು ಅಲೆ ಹೋಗಿ ಬರಲು ಹಿಡಿದ ಒಟ್ಟು ಕಾಲ. ಅದರ ಅರ್ಧವನ್ನು ವೇಗದಿಂದ ಗುಣಿಸಬೇಕು. ಮೇಲಿನ ಮಣ್ಣಿನಲ್ಲೇ 40 ನ್ಯಾನೊಸೆಕೆಂಡ್ ಎಂದರೆ 2 ಮೀಟರ್.

100 ಹೆಚ್ಚು ಆಳಕ್ಕಿಳಿಯುತ್ತದೆ ಎಂಬ ಮಾತು ಒಣ ಮರಳಿಗೆ, ಗ್ರಾನೈಟಿಗೆ ಒಪ್ಪುತ್ತದೆ. ವಿಜಯಪುರ, ಕಲಬುರಗಿ ಕಡೆಯ ಎರೆಭೂಮಿಯಲ್ಲಿ ಅದನ್ನು ನಂಬಿ ದುಡ್ಡು ಹಾಕಬೇಡಿ. ಜೇಡಿ ಹೆಚ್ಚಿರುವ ಹಸಿಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವುದರಿಂದ ಅಲೆ ಬೇಗನೆ ಕ್ಷೀಣಿಸುತ್ತದೆ. ಅಂಥಲ್ಲಿ ಆಂಟೆನಾ ಬದಲಿಸುವುದಕ್ಕಿಂತ ಬೇಸಿಗೆಯ ತನಕ ಕಾಯುವುದೇ ಲೇಸು, ಇಲ್ಲವೇ ವಿದ್ಯುತ್ ರೋಧ ಅಳೆಯುವ ಸರ್ವೆ ಮಾಡಿಸಿ.

ಪೇಟೆಯೊಳಗಾದರೆ ಕವಚವಿರುವ ಆಂಟೆನಾವನ್ನೇ ಕೇಳಿ. 100ರಲ್ಲಿ ಕವಚವಿಲ್ಲದವೂ ಇವೆ. ಅವು ತಲೆಯ ಮೇಲಿನ ತಂತಿ, ಗೋಡೆಗಳ ಪ್ರತಿಫಲನವನ್ನೂ ನೆಲದಡಿಯ ವಸ್ತುವಿನಂತೆಯೇ ತೋರಿಸುತ್ತವೆ.